ಹಸಿ ಬೋರ್ಡು

ಬೋರ್ಡು ಬರೆಯುವವನು ‘ಮನೆ ಬಾಡಿಗೆಗಿದೆ’ ಎಂಬುದರ ಕೊನೆಯ ಅಕ್ಷರ ತಿದ್ದುತ್ತಿದ್ದ. ಬರೆಸಲು ಬಂದ ಗಂಡಹೆಂಡತಿ ಅವನ ಬೆನ್ನ ಹಿಂದೆ ಪಿಸುಗುಟ್ಟುತ್ತಿದ್ದರು. ಅವನ ಕಿವಿಗೇನೂ ಬಣ್ಣ ಮೆತ್ತಿರಲಿಲ್ಲ.

“ಮಗಳ ಸಂಸಾರ ಬರುತ್ತೆ ಅಂತ ಸುಳ್ಳು ಹೇಳಿ ಬಾಡಿಗೆಯವರನ್ನ ಬಿಡಿಸಿದ್ದು ನೀವು.”

“ಬಾಡಿಗೆ ಜಾಸ್ತಿ ಮಾಡಿ ಅನ್ನೋಕೆ ಬಾಯಿ ಬರ್ಲಿಲ್ಲ ಕಣೆ. ಪಾಪ, ಎದುರು ಮಾತಾಡದೆ ಹೋದ್ರು.”

“ಒಳಗೆ ಹೋಗಿ ನೋಡಿದ್ರಾ? ನಮ್ಮ ಮೊಮ್ಮಗೂಗೆ ಇರ್ಲಿ ಅಂತ ತೊಟ್ಟಿಲು ಬಿಟ್ಟು ಹೋಗಿದ್ದಾರೆ.”

“ಹಾಗಂತ ಮನೆಗೆ ಬೀಗ ಹಾಕಿ ಇಟ್ಕೊಳ್ಳೋಕಾಗುತ್ತಾ?”

“ಅವರಿರೋದು ಪಕ್ಕದ ಬೀದೀಲೇ. ಬೋರ್ಡು ಕಣ್ಣಿಗೆ ಬಿದ್ರೆ?”

“ಹಿತ್ತಲ ಬಾಗಿಲಿಗೆ ಹಾಕೋಣ ಬಿಡು.”

ಹೆಂಡತಿ ಬೋರ್ಡಿಗೆ ಕೈ ಹಾಕಿದಳು.

“ಬಣ್ಣ ಹಸಿ ಇದೆ, ಒಣಗಲಿ ತಾಯಿ,” ಎಂದ ಬರೆಯುವವನು.

ಆಕೆ ಆಗಲೇ ಬೋರ್ಡನ್ನೆತ್ತಿಕೊಂಡು, ಬರಹ ಬೀದಿಗೆ ಕಾಣದಂತೆ ಎದೆಗೆ ಅವಚಿಕೊಂಡು ಹೊರಟಿದ್ದಳು.