ಅದಕ್ಕೆ ಗುಂಡಿಗೆ ಬೇಕು

...ನಗ್ತೀಯಾ? ನಗು, ನಗು! ಬಯಾಲಜಿ ತಗೋತಾಳಂತೆ, ಡಾಕ್ಟರ್ ಆಗ್ತಾಳಂತೆ! ಜಿರಳೆ ಕಂಡ್ರೆ ಮಂಚ ಹತ್ತೋ ಮಹಾರಾಣಿ! ನಿಮ್ಮಪ್ಪ ಹೊರಗೆ ಕಾಯ್ತಿದಾನೆ, ಗೊತ್ತು ತಾನೆ? ಈ ಚಿಕ್ಕಪ್ಪ ಹೂಂ ಅಂದ್ರೆ ಬಯಾಲಜಿ, ಊಹೂಂ ಅಂದ್ರೆ ಕಾಮರ್ಸು. ಮತ್ತೆ? ಈ ಮನೇಲಿ ಮೆಡಿಕಲ್ ಕಾಲೇಜಿನ ಮೆಟ್ಟಿಲು ಹತ್ತಿದೋನು ನಾನೊಬ್ನೇ ಅಲ್ವಾ...

ಹಣ್ಣು ಹೆಚ್ಚೋದು ನಿಲ್ಲಿಸ್ಬೇಡ. ಕೈ ಅಲ್ಲಿರ್ಲಿ, ಕಿವಿ ಇಲ್ಲಿರ್ಲಿ.

ಡಾಕ್ಟರ್ ಅಂದ್ರೆ ಬಿಳಿ ಕೋಟು ಹಾಕ್ಕೊಂಡು ಗತ್ತಿನಲ್ಲಿ ಓಡಾಡೋದು ಅಂದ್ಕೊಂಡ್ಯಾ? ಔಷಧಿ ಕಂಪನಿ ಬ್ಯಾಗು ಹಿಡ್ಕೊಂಡು ದಿನಾ ಅವರ ಬಾಗಿಲಲ್ಲಿ ಕಾಯೋನು ನಾನು. ಒಬ್ಬ ಫೋನ್ ನೋಡ್ಕೊಂಡೇ ರೋಗಿಗೆ ನಾಲಿಗೆ ಚಾಚು ಅಂತಾನೆ. ಇನ್ನೊಬ್ಬ ನಾನು ಕೊಟ್ಟ ಪೆನ್ನಲ್ಲೇ ಬರೀತಾನೆ, ನನ್ನ ಹೆಸರು ಮಾತ್ರ ನೆನಪಿರಲ್ಲ. ದಡ್ಡ ಶಿಖಾಮಣಿಗಳು! ನಾನು ಓದು ಮುಂದುವರಿಸಿದ್ದಿದ್ರೆ ನನ್ನ ಮುಂದೆ ಕೈಕಟ್ಟಿ ನಿಲ್ಬೇಕಿತ್ತು ಇವರೆಲ್ಲ.

ಯಾಕೆ ಬಿಟ್ಟೆ ಅಂದ್ರೆ? ಎಷ್ಟು ಸಲ ಹೇಳ್ಬೇಕೇ! ನಿಮ್ಮಜ್ಜಿ ಹಾಸಿಗೆ ಹಿಡಿದ್ರು, ನೋಡ್ಕೊಳ್ಳೋರು ಯಾರು? ತ್ಯಾಗ ಕಣೇ, ತ್ಯಾಗ! ಹೆಣ ಕೊಯ್ಯೋ ಕೋಣೇಲಿ ಮುಂದಿನ ಸಾಲಲ್ಲಿ ನಿಲ್ತಿದ್ದೆ ನಾನು. ಹುಡುಗರು ದಬದಬ ಅಂತ ಬೀಳ್ತಿದ್ರು. ನಾನು ಕಣ್ಣು ಮಿಟುಕಿಸಿದ್ರೆ ಕೇಳು! ಅದಕ್ಕೆ ಗುಂಡಿಗೆ ಬೇಕು. ನಿನ್ನಂಥ ಅಳುಮುಂಜಿ...

ಏನಾಯ್ತು? ಚಾಕು ತಗಲ್ತಾ? ಅಯ್ಯೋ, ತೋರಿಸ್ಬೇಡ! ಆ ಕಡೆ ತಿರುಗು! ಬಟ್ಟೆ ಸುತ್ಕೋ... ನಂಗಾ? ನಂಗೇನಾಗಿದೆ? ಸೆಖೆ, ಅಷ್ಟೇ. ಈ ರೂಮಲ್ಲಿ ಗಾಳಿನೇ ಇಲ್ಲ... ತಟ್ಟೆ ತುಂಬಾ... ರಕ್ತ...

...

...ನೆಲದ ಮೇಲ್ಯಾಕೆ ಮಲಗಿದೀನಿ? ಕಾಲ ಕೆಳಗೆ ದಿಂಬು ಬೇರೆ... ಓಹೋ, ದೊಡ್ಡ ಡಾಕ್ಟರಮ್ಮ! ಬೆರಳಿಗೆ ಬಟ್ಟೆ ಸುತ್ಕೊಂಡು ನೀನೊಬ್ಳೇ ಮಾಡಿದ್ಯಾ ಇದೆಲ್ಲ? ಅಪ್ಪನ್ನ ಕರೀಲಿಲ್ಲ ತಾನೆ? ಕರೀಬೇಡ. ಬಿಸಿಲಿಗೆ ಹೀಗಾಯ್ತು. ಬೆಳಿಗ್ಗೆ ತಿಂಡೀನೂ ತಿಂದಿರ್ಲಿಲ್ಲ...

ಏನು ಹಾಗೆ ನೋಡ್ತೀಯ? ಅಜ್ಜಿಗೆ ನಿಜವಾಗ್ಲೂ ಹುಷಾರಿರ್ಲಿಲ್ಲ ಕಣೇ! ಕೆಮ್ಮು... ಸ್ವಲ್ಪ ಕೆಮ್ಮಿತ್ತು.

ಏನಾದ್ರೂ ಅನ್ನು! ಬೈಯಿ, ಇಲ್ಲಾಂದ್ರೆ ನಗು! ನನ್ನ ಮಣಿಕಟ್ಟು ಹಿಡ್ಕೊಂಡು, ಆ ಗೋಡೆ ಗಡಿಯಾರಾನೇ ನೋಡ್ಕೊಂಡು...

...ಓ. ನಾಡಿ ಎಣಿಸ್ತಿದೀಯಾ.

...ಸರಿ. ಎಣಿಸಮ್ಮ. ಮುಗಿದ್ಮೇಲೆ ಅಪ್ಪನ್ನ ಕರಿ... ಹೂಂ ಅಂತೀನಿ.