ಎರಡನೇ ಸಲ ಅಳೆಯದ ಅಳತೆ

ಹಲೋ... ಹಲೋ, ಯಾರು ಮಾತಾಡ್ತಿರೋದು?... ಭಾವ, ನೀವಾ? ಅಕ್ಕನ ಫೋನು ನಿಮ್ಮ ಕೈಗೆ ಹೇಗೆ ಬಂತು?...

ಹಾಂ, ನಾನೇ. ಇನ್ನೂ ಆಸ್ಪತ್ರೇಲೇ ಇದ್ದೀನಿ. ಸ್ಕ್ಯಾನ್ ಆಯ್ತು... ಇಲ್ಲ ಭಾವ, ನಿಮ್ಮ ಹತ್ರ ಹೇಳೋಕಾಗಲ್ಲ. ಅಕ್ಕಂಗೆ ಕೊಡಿ. ಅಳತೆ ಟೇಪು ಕೆಳಗಿಟ್ಟು ಬರ್ಲಿ...

ಅಕ್ಕಾ. ಕೂತ್ಕೊಂಡಿದ್ದೀಯಾ?... ಗಿರಾಕಿ ಇದ್ರೆ ಕಾಯ್ಲಿ. ಯೂನಿಫಾರ್ಮ್ ಹೊಲಿಯೋದು ಒಂದು ದಿನ ತಡ ಆದ್ರೆ ಶಾಲೆ ಏನೂ ಮುಚ್ಚಲ್ಲ...

ಹಾಂ, ನೋವು ಹಾಗೇ ಇದೆ. ಕೆಳಹೊಟ್ಟೆ, ಬಲಗಡೆ. ಸ್ಕ್ಯಾನ್ ಮಾಡೋರು ಹೊಟ್ಟೆ ಮೇಲೆ ಆ ಸ್ಕ್ಯಾನ್ ಯಂತ್ರ ಆಡಿಸ್ತಾ ಆಡಿಸ್ತಾ, 'ಗರ್ಭಕೋಶದ ಜೊತೆ ಎಡಗಡೆ ಅಂಡಾಶಯಾನೂ ಯಾಕೆ ತೆಗೆದ್ರು?' ಅಂದ್ರು. ನಾನು ನಕ್ಕುಬಿಟ್ಟೆ ಅಕ್ಕಾ. 'ಇಲ್ಲ ಮೇಡಂ, ಮೂರು ವರ್ಷದ ಹಿಂದೆ ಗರ್ಭಕೋಶ ಒಂದೇ ತೆಗೆದಿದ್ದು, ಬೇಕಾದ್ರೆ ನಮ್ಮಕ್ಕನ್ನ ಕೇಳಿ' ಅಂದೆ...

ಏನಂದೆ? ಸ್ಕ್ಯಾನೇ ತಪ್ಪಿರಬೇಕಾ?...

ಅಲ್ಲ, ಸ್ಕ್ಯಾನ್ ತಪ್ಪಲ್ಲ. ಡಾಕ್ಟರಮ್ಮ ಹಳೇ ಫೈಲ್ ತರಿಸಿದ್ರು. ಆವತ್ತು ಆಪರೇಷನ್ ಮಾಡ್ತಿರೋವಾಗ ಎಡಗಡೆ ಒಂದು ಗಂಟು ಕಂಡಿದೆ. ಹೊರಗೆ ಬಂದು ಕೇಳಿದ್ದಾರೆ, ತೆಗೀಬಹುದಾ ಅಂತ. ಯಾರೋ ಸಹಿ ಹಾಕಿದ್ದಾರೆ. ಕೊನೇ ಅಕ್ಷರದ ಬಾಲ ಮೇಲಕ್ಕೆ ತಿರುಗಿಸಿ... ಅಳತೆ ಪುಸ್ತಕದಲ್ಲಿ ಇಪ್ಪತ್ತು ವರ್ಷದಿಂದ ನೋಡ್ತಿರೋ ಕೈಬರಹ. ನಂಗೆ ಗೊತ್ತಾಗಲ್ವಾ?...

ಸಹಿ ಹಾಕಿದ್ದಕ್ಕೆ ಬೇಜಾರಿಲ್ಲ. ನಾನು ಮೈಮೇಲೆ ಎಚ್ಚರ ಇಲ್ದೆ ಮಲಗಿದ್ದೆ, ನೀನಲ್ದೆ ಇನ್ಯಾರು ಹಾಕ್ಬೇಕಿತ್ತು? ಆದ್ರೆ ಆ ಗಂಟನ್ನ ಲ್ಯಾಬಿಗೆ ಕಳಿಸಿದ್ರಲ್ಲ. 'ಅವಳಿಗೆ ನಾನೇ ನಿಧಾನಕ್ಕೆ ಹೇಳ್ತೀನಿ' ಅಂತ ರಿಪೋರ್ಟ್ ಇಸ್ಕೊಂಡು ಹೋದ್ಯಂತೆ. ಎಲ್ಲಿದೆ ಅಕ್ಕಾ ಅದು?... ಕೇಳಿಸ್ಲಿಲ್ಲ... ಎಲ್ಲಿ?... ಹಳೇ ಅಳತೆ ಪುಸ್ತಕದೊಳಗಾ? ಅಂಗಡೀಲಿ ನನ್ನ ತಲೆ ಮೇಲಿರೋ ಶೆಲ್ಫಲ್ಲೇನಾ?...

ಹಾಂ, ಇಲ್ಲೂ ಒಂದು ಪ್ರತಿ ಇದೆ, ಓದಿ ಹೇಳಿದ್ರು. ಪೂರ್ತಿ ಕೆಟ್ಟದ್ದಲ್ಲ, ಆದ್ರೆ ಆರಾರು ತಿಂಗಳಿಗೆ ಸ್ಕ್ಯಾನ್ ಮಾಡಿಸ್ಲೇಬೇಕು ಅಂತ ಬರ್ದಿದೆ. ಮೂರು ವರ್ಷದಲ್ಲಿ ಒಂದು ಸಲಾನೂ ಇಲ್ಲ... ಈಗ ಬಲಗಡೆ ಗಂಟು ಬಂದಿದೆ ಅಕ್ಕಾ. ನಿಂಬೆಹಣ್ಣಿನಷ್ಟು. ಕರುಳಿಗೆ ಅಂಟ್ಕೊಂಡಿದೆ, ನೋವು ಅದ್ರದ್ದೇ ಅಂತೆ. ಎಂಥದ್ದು ಅಂತ ತೆಗೆದು ನೋಡಿದ ಮೇಲೇ ಗೊತ್ತಾಗೋದು...

ಅಳಬೇಡ. ಅಳಬೇಡ ಅಂದ್ನಲ್ಲ. ನಂದೇ ಇನ್ನೂ ಅತ್ತು ಮುಗಿದಿಲ್ಲ, ನಿನ್ನ ಸರದಿ ಆಮೇಲೆ...

ಗೊತ್ತು. ಅಮ್ಮ ಕ್ಯಾನ್ಸರ್ ಅನ್ನೋ ಹೆಸರು ಕಿವಿಗೆ ಬಿದ್ದ ದಿನ ಗೋಡೆ ಕಡೆ ತಿರುಗಿ ಮಲಗಿದೋಳು ಮತ್ತೆ ಈ ಕಡೆ ತಿರುಗ್ಲೇ ಇಲ್ಲ. ನಾನೂ ಹಾಗೇ ಮಾಡ್ಬಿಡ್ತೀನಿ ಅಂತ ಹೆದರ್ದೆ, ಅಲ್ವಾ?... ನಾನು ಅಮ್ಮ ಅಲ್ಲ ಅಕ್ಕಾ. ನಾನು ನೋವು ಅಂದಾಗೆಲ್ಲ ನೀನು 'ಮಿಷಿನ್ ತುಳಿದು ತುಳಿದು ಬಂದಿದ್ದು' ಅಂದೆ. ಸ್ಟೂಲಿಗೆ ದಿಂಬು ಹೊಲ್ದು ಕೊಟ್ಟೆ. ನನ್ನ ಮಿಷಿನ್‌ಗೆ ಮೋಟಾರು ಹಾಕಿಸ್ದೆ, ನಿಂದು ಮಾತ್ರ ಕಾಲಲ್ಲೇ ತುಳ್ಕೊಂಡಿದ್ದೆ. ಎಷ್ಟು ಪ್ರೀತಿ ಇವಳಿಗೆ ಅಂದ್ಕೊಂಡೆ... ಪ್ರೀತೀನೇ. ನಾನೆಲ್ಲಿ ಇಲ್ಲ ಅಂದೆ?...

ಅಂಗಡೀಲಿ ನೀನು ಅಳೀತೀಯ, ನಾನು ಕತ್ತರಿಸ್ತೀನಿ. ನೀನು ಬರ್ದ ಅಳತೇನ ನಾನು ಯಾವತ್ತಾದ್ರೂ ಎರಡನೇ ಸಲ ಅಳೆದು ನೋಡಿದ್ದೀನಾ? ಹೇಳು... 'ಗರ್ಭಕೋಶ ಹೋಯ್ತು, ಪೀಡೆ ಕಳೀತು' ಅಂದೆ. ನಾನು ಫೈಲ್ ಬಿಚ್ಚಿ ಕೂಡ ನೋಡ್ಲಿಲ್ಲ. ಎದೆ ಒಡೆದು ಹೋಗಿದೆ ಅಕ್ಕಾ...

ಹಾಂ, ಸೋಮವಾರ ಆಪರೇಷನ್. ಫಾರಂ ಕೈಲೇ ಇದೆ. ನನ್ನ ಸಹಿ ಹಾಕಿದ್ದೀನಿ, ಈ ಸಲ ಓದಿ ಹಾಕಿದ್ದೀನಿ. ಕೆಳಗೆ ಇನ್ನೊಂದು ಗೆರೆ ಇದೆ. ಒಳಗೆ ಬೇರೇನಾದ್ರೂ ಕಂಡ್ರೆ ಯಾರನ್ನ ಕೇಳ್ಬೇಕು ಅಂತ... ಅಲ್ಲಿ ನಿನ್ನ ಹೆಸರು ಬರೆಯೋಕೆ ಕೈ ಬರ್ತಿಲ್ಲ. ಬರೆಯೋಕೆ ಬೇರೆ ಹೆಸರೂ ನನಗಿಲ್ಲ...

ಬರ್ತೀಯ, ಗೊತ್ತು. ಅದಲ್ಲ ನಾನು ಕೇಳ್ತಿರೋದು. ಏನೇ ಕಂಡ್ರೂ, ನಾನು ಕಣ್ಣು ಬಿಟ್ಟ ತಕ್ಷಣ ನಂಗೆ ಹೇಳ್ತೀಯಾ?...

ಅಕ್ಕಾ?... ಹೇಳ್ತೀಯಾ ಅಂತ ಕೇಳ್ದೆ... ಪೆನ್ನು ಕೈಲೇ ಇದೆ. ಬರೀಲಾ?... ಹಲೋ... ಅಕ್ಕಾ, ಬರೀಲಾ?... ಹಲೋ...