ನಾನು ತೆಗೆದುಹಾಕಿದ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕನಿಗೆ — ನಮ್ಮ ಲ್ಯಾಬ್ ಮೇಷ್ಟ್ರ ಮನೆಯವರಿಗೆ — ಅವರ ಮಗಳಿಗೆ, ಪ್ರಾಂಶುಪಾಲರಿಗೆ, ಸಹೋದ್ಯೋಗಿಗಳಿಗೆ, ಹಿಂದೆ ಗೋಡೆಗೆ ಒರಗಿ ನಿಂತಿರುವ ವಿದ್ಯಾರ್ಥಿಗಳಿಗೆ. ಬಹಳ ಜನ ಬಂದಿದ್ದೀರಿ. ಕೊನೆಯ ಎರಡು ವರ್ಷ ಅವರ ಮೇಜಿನ ಹತ್ತಿರ ಇದರಲ್ಲಿ ಕಾಲು ಭಾಗ ಜನವೂ ಸುಳಿದಿರಲಿಲ್ಲ.

ಪ್ರಾಂಶುಪಾಲರು ಈಗಷ್ಟೇ ಮೆಟ್ಟಿಲ ಹತ್ತಿರ ಹೇಳಿದರು, “ಎರಡು ಮಾತು ಸಾಕಮ್ಮ, ಒಳ್ಳೇದಷ್ಟೇ ಹೇಳು.” ಹೇಳುತ್ತೇನೆ ಸರ್. ಒಳ್ಳೆಯದರಿಂದಲೇ ಶುರು ಮಾಡುತ್ತೇನೆ.

ಮೇಷ್ಟ್ರು ಎಂದು ಕರೆಯುತ್ತಿದ್ದೆವು ನಿಜ, ಅವರು ಪಾಠ ಮಾಡಿದವರಲ್ಲ. ಕಂಪ್ಯೂಟರುಗಳನ್ನು ನೋಡಿಕೊಳ್ಳುವ ತಂತ್ರಜ್ಞ. ನಾನು ಹನ್ನೊಂದು ವರ್ಷದ ಹಿಂದೆ ಅವರ ಕೈಕೆಳಗೆ ಹಂಗಾಮಿ ಸಹಾಯಕಿಯಾಗಿ ಸೇರಿದೆ. ಆಗ ನಾಲ್ಕು ಲ್ಯಾಬು, ನೂರ ಅರವತ್ತು ಯಂತ್ರ. ಪ್ರತಿ ರಜೆಯಲ್ಲೂ ಎಲ್ಲವನ್ನೂ ಅಳಿಸಿ ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕಬೇಕು. ಒಂದಾದ ಮೇಲೆ ಒಂದು! ಸಿ.ಡಿ. ತುರುಕು, ಕಾಯಿ, ಭಾಷೆ ಆರಿಸು, ಸಮಯ ಆರಿಸು, ‘ಮುಂದೆ’ ಒತ್ತು, ‘ಮುಂದೆ’ ಒತ್ತು — ಹೀಗೆ, ಹೀಗೆ — ಒಂದಕ್ಕೆ ಒಂದೂವರೆ ಗಂಟೆ. ಇಪ್ಪತ್ತೈದು ದಿನ ಇಬ್ಬರೂ ಸಿ.ಡಿ. ಚೀಲ ಹೊತ್ತು ತಿರುಗುತ್ತಿದ್ದೆವು.

ಒಂದು ದಿನ ಆ ಚೀಲವನ್ನು ಮೇಜಿನ ಮೇಲೆ ದೊಪ್ಪೆಂದು ಹಾಕಿದರು. “ಇನ್ಮೇಲೆ ನಾವು ಅವುಗಳ ಹತ್ರ ಹೋಗೋದಲ್ಲಮ್ಮ. ಅವೇ ಬಂದು ನಮ್ಮನ್ನ ಕೇಳ್ಬೇಕು.” ಮೆಟ್ಟಿಲ ಕೆಳಗೆ ಬಿಸಾಡಿದ್ದ ಹಳೆಯ ಕಂಪ್ಯೂಟರೊಂದನ್ನು ಒರೆಸಿ ಸರ್ವರ್ ಮಾಡಿಕೊಂಡರು. ನಾಲ್ಕು ತಿಂಗಳು ಅದರ ಮುಂದೆ ಕೂತರು. ಯಂತ್ರ ಕೇಳುವ ಪ್ರಶ್ನೆಗಳಿಗೆಲ್ಲ ಒಂದು ಕಡತದಲ್ಲಿ ಮೊದಲೇ ಉತ್ತರ ಬರೆದಿಟ್ಟರು. ಆಮೇಲೆ ಸ್ವಿಚ್ ಹಾಕಿದರೆ ಸಾಕು — ಒಂದು ಲ್ಯಾಬಿನ ನಲವತ್ತು ಯಂತ್ರಗಳೂ ಕೇಬಲ್ಲಿನಲ್ಲಿ ಸರ್ವರನ್ನೇ ಕೇಳಿ, ತಮಗೆ ಬೇಕಾದ್ದನ್ನು ತಾವೇ ಹಾಕಿಕೊಳ್ಳುತ್ತಿದ್ದವು. ಮೊದಲ ಸಲ ಅಷ್ಟೂ ಪರದೆಗಳು ಒಟ್ಟಿಗೆ ಬೆಳಗಿದಾಗ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. “ಬಾರಮ್ಮ, ಟೀ ಕುಡಿಯೋಣ,” ಅಂದರು. ಅಷ್ಟೇ.

ಒಂದೇ ಒಂದು ಪ್ರಶ್ನೆಗೆ ಮಾತ್ರ ಅವರು ಉತ್ತರ ಬರೆದಿಡಲಿಲ್ಲ. ಹಳೆಯದನ್ನು ಒರೆಸಿಹಾಕುವ ಮೊದಲು ಯಂತ್ರ ನಿಂತು ಕೇಳುತ್ತಿತ್ತು. ಕನ್ನಡದಲ್ಲೇ ಬರೆದಿದ್ದರು — “ಅಳಿಸಲೇ?” ಯಾರಾದರೂ ಎದುರಿಗೆ ಹೋಗಿ ಗುಂಡಿ ಒತ್ತಬೇಕು. ಕಚೇರಿಯ ಗುಮಾಸ್ತೆ ಅದನ್ನು ನೋಡಿ ಕೂಗಿದ್ದರು, “ರೀ ಮೇಷ್ಟ್ರೇ, ನಿಮ್ ಕಂಪ್ಯೂಟರ್ ನನ್ನ ಅಳಿಸ್ಲಾ ಅಂತ ಕೇಳ್ತಿದೆ! ಮನೇಲಿ ಗಂಡ ಅಳಿಸೋದು ಸಾಲ್ದಾ?” ಮೇಷ್ಟ್ರು ನಗಲಿಲ್ಲ. “ಎರಡೂ ಒಂದೇ ತಾಯಿ. ಅಳಿಸಿದ್ಮೇಲೆ ಅಳೋರು ಇದ್ದೇ ಇರ್ತಾರೆ.”

ಒಳ್ಳೆಯದು ಇಲ್ಲಿಗೆ ಮುಗಿಯಿತು ಸರ್. ಕ್ಷಮಿಸಿ — ನಾನು ನಿಲ್ಲಿಸುವುದಿಲ್ಲ.

ಎರಡು ವರ್ಷದ ಹಿಂದೆ ಒಂದು ದಿನ ಮೇಷ್ಟ್ರು ರಜೆಯಲ್ಲಿದ್ದರು. ಕೆಳಗಿನ ಲ್ಯಾಬಿನ ನಲವತ್ತು ಯಂತ್ರ ನನ್ನ ಪಾಲಿಗೆ ಬಂತು. ಪ್ರತಿಯೊಂದರ ಮುಂದೆ ಹೋಗಿ ಗುಂಡಿ ಒತ್ತಲು ನನಗೆ ಸೋಮಾರಿತನ. ಬೇರೇನೂ ಅಲ್ಲ, ಶುದ್ಧ ಸೋಮಾರಿತನ. ಆ ಪ್ರಶ್ನೆಯ ಸಾಲನ್ನು ತೆಗೆದೆ, ‘ಹೌದು’ ಎಂದು ಬರೆದೆ. ನಾಲ್ಕು ಗಂಟೆಗೆ ಕೆಲಸ ಮುಗಿಸಿ ಮನೆಗೆ ಹೋದೆ. ಸಾಲನ್ನು ಮತ್ತೆ ಸೇರಿಸಲಿಲ್ಲ. ಕೆಲಸವಾದ ಮೇಲೆ ಯಾವಾಗಲೂ ಆರಿಸಿಡುವ ಸರ್ವರನ್ನೂ ಆರಿಸಲಿಲ್ಲ.

ಬೆಳಿಗ್ಗೆ ಮೇಲಿನ ಲ್ಯಾಬಿನಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ಬಂದು ಕಂಪ್ಯೂಟರ್ ಹಾಕಿದರು. ಅವು ಎಂದಿನಂತೆ ಮೊದಲು ಸರ್ವರನ್ನು ಕೇಳಿದವು. ಅವತ್ತು ಉತ್ತರ ಸಿಕ್ಕಿತು. ಎದುರಿಗಿದ್ದವರನ್ನು ಯಾವ ಯಂತ್ರವೂ ಏನೂ ಕೇಳಲಿಲ್ಲ. ಮೂವತ್ತೆಂಟು ಜನರ ಪ್ರಾಜೆಕ್ಟು ಅಳಿಸಿಹೋಯಿತು, ಒಪ್ಪಿಸಲು ಹತ್ತೇ ದಿನ ಉಳಿದಿತ್ತು. ಅವುಗಳ ನಕಲು ಇಟ್ಟಿದ್ದ ಯಂತ್ರವೂ ಅದೇ ಸಾಲಿನಲ್ಲಿತ್ತು, ಅದನ್ನೂ ಯಾರೋ ಹಾಕಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಯಾವ ಸಾಲನ್ನು ಯಾರು, ಎಷ್ಟು ಹೊತ್ತಿಗೆ ಬದಲಿಸಿದರೆಂದು ಸರ್ವರ್ ಬರೆದಿಡುತ್ತದೆ. ಮೇಷ್ಟ್ರು ಅದನ್ನು ನೋಡಿದರು, ನನ್ನನ್ನು ಮೆಟ್ಟಿಲ ಕೆಳಗೆ ಕರೆದರು. “ನಿನ್ನ ಕಾಯಂ ಕಾಗದ ಸಹಿಗೆ ಹೋಗಿದೆ. ನಂಗೇನು, ಇನ್ನು ಮೂರು ವರ್ಷ ಸರ್ವೀಸು. ಬಾಯ್ ಮುಚ್ಕೊಂಡಿರು.” ಮುಚ್ಚಿಕೊಂಡೆ. ‘ನನ್ನ ಅಜಾಗರೂಕತೆ’ ಎಂದು ಅವರು ಬರೆದುಕೊಟ್ಟರು. ಲ್ಯಾಬಿನ ಕೀಲಿ ಕಸಿದುಕೊಂಡು ಅವರನ್ನು ಟಪಾಲು ಮೇಜಿಗೆ ಕೂರಿಸಿದಿರಿ ಸರ್. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ — ಮಾಡಿದ್ದು ನಾನು, ಉಂಡದ್ದು ಅವರು.

ಆ ಮೂವತ್ತೆಂಟು ಜನರಲ್ಲಿ ಅವರ ಮಗಳೂ ಇದ್ದಳು.

ತಂಗೀ, “ನಿಮ್ಮಿಂದ ಕ್ಲಾಸಲ್ಲಿ ಮುಖ ತೋರ್ಸೋಕಾಗ್ತಿಲ್ಲ” ಅಂತ ನೀನು ಅವರಿಗೆ ಹೇಳಿದ್ದೆ. ಅದೇ ಕೊನೆ, ಅವತ್ತಿನಿಂದ ಅಪ್ಪನ ಜೊತೆ ಮಾತಿಲ್ಲ. ಅಕ್ಕ ಇದನ್ನು ನನಗೆ ಹೇಳಿ ಕಣ್ಣೊರೆಸಿಕೊಂಡರು. “ಎಲ್ಲ ಸರಿಹೋಗುತ್ತೆ ಅಕ್ಕ,” ಅಂತ ನಾನು ಸಮಾಧಾನ ಹೇಳಿದೆ! ಎಲುಬಿಲ್ಲದ ನಾಲಗೆ.

ಕಳೆದ ಸೋಮವಾರ ಆಸ್ಪತ್ರೆಗೆ ಹೋಗಿದ್ದೆ. ನೀನು ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಮೇಷ್ಟ್ರು ನನ್ನ ಮುಂಗೈ ಹಿಡಿದುಕೊಂಡು ಕೇಳಿದರು, “ಮಗಳಿಗೆ ಮಾತ್ರ ಹೇಳ್ತೀಯೇನಮ್ಮ? ನಾನ್ ಹೇಳಿದ್ರೆ ತಪ್ಪಿಸ್ಕೊಳ್ಳೋಕೆ ಅಂತಾಳೆ.” ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಕೇಳಿದ್ದು ಅದೊಂದೇ. “ನೀವು ಹುಷಾರಾಗಿ ಬನ್ನಿ ಸರ್, ಆಮೇಲೆ ಹೇಳೋಣ,” ಅಂದೆ. “ಆಯ್ತು,” ಅಂದರು. ಗುರುವಾರ ಹೋಗಿಬಿಟ್ಟರು.

ಇವತ್ತು ಬೆಳಿಗ್ಗೆ ಎಲ್ಲವನ್ನೂ ಬರೆದು ಕಚೇರಿಗೆ ಕೊಟ್ಟಿದ್ದೇನೆ. “ಫೈಲು ಮುಚ್ಚಿ ಆಗಿದೆ, ಈಗ ಯಾಕಮ್ಮ?” ಅಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಈಗ ಯಾರಿಗೂ ಏನೂ ಆಗಬೇಕಾಗಿಲ್ಲ.

ಆದರೂ ಹೇಳುತ್ತೇನೆ ತಂಗೀ. ಅಪ್ಪನ ಕೈಯಿಂದ ಆದದ್ದಲ್ಲ. ಈ ಕೈಯಿಂದ ಆದದ್ದು. ಸೋಮವಾರ ಹೊರಗೆ ಬಂದಾಗ ನಿನ್ನ ಪಕ್ಕ ಕೂತು ಇಷ್ಟು ಹೇಳಿದ್ದರೆ ನೀನು ಒಳಗೆ ಹೋಗುತ್ತಿದ್ದೆ. ಮೂರು ದಿನ ಸಿಗುತ್ತಿತ್ತು ನಿನಗೆ. ಅದನ್ನು ಎಲ್ಲಿಂದ ತಂದುಕೊಡಲಿ — ನನಗೆ ಗೊತ್ತಿಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮೇಷ್ಟ್ರಿಗಾಗಿ ಎರಡು ನಿಮಿಷ ಮೌನವಾಗಿರೋಣ.

ನೀನು ಬೇಡ ತಂಗೀ. ನನ್ನಿಂದ ಎರಡು ವರ್ಷ ಮೌನವಾಗಿದ್ದೀಯ. ನೀನು ಮಾತಾಡು.